ಹಳೆಯ ವೈಜ್ಞಾನಿಕ ಕಥಾಚಿತ್ರಗಳ ಡಿಸ್ಕು ಕೊಳ್ಳುವ ಮುನ್ನ: ಮೂಲಪಾಠವೋ, ತಿದ್ದಿದ ಪಾಠವೋ?

ಈಗ ಮಾರುಕಟ್ಟೆಯಲ್ಲಿ ಸಿಗುವ ‘ಸ್ಟಾರ್ ವಾರ್ಸ್’ ಡಿಸ್ಕನ್ನು ತಂದು ನೋಡುವವರು, 1977ರ ಮೇ 25ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಜನ ನೋಡಿದ್ದು ಇದನ್ನೇ ಎಂದು ಭಾವಿಸುವುದು ಸಹಜ. ಆದರೆ ಅದು ಇದಲ್ಲ. ಆರಂಭದಲ್ಲಿ ಪರದೆಯ ಮೇಲೆ ಏರಿಹೋಗುವ ಹಳದಿ ಅಕ್ಷರಗಳ ತಲೆಯಲ್ಲಿ ‘ನಾಲ್ಕನೆಯ ಸಂಚಿಕೆ’ ಎಂಬ ಸಾಲು ಸೇರಿದ್ದು 1981ರ ಮರುಬಿಡುಗಡೆಯಲ್ಲಿ. ಜಬ್ಬಾ ಎಂಬ ದೈತ್ಯಜೀವಿ ಹಡಗುದಾಣದಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೊನೊಡನೆ ಮಾತಾಡುವ ದೃಶ್ಯ ಸೇರಿದ್ದು 1997ರಲ್ಲಿ. ಹಾನ್‌ನನ್ನು ಹಿಡಿಯಲು ಬಂದ ಗ್ರೀಡೊ ಸಾಯುವ ಮುನ್ನ ‘ಮಕ್ಲಂಕಿ’ ಎಂದು ಉಸುರುವುದು 2019ರ ಸೇರ್ಪಡೆ. ಹೆಸರು ಒಂದೇ, ಪೆಟ್ಟಿಗೆಯ ಮೇಲಿನ ಚಿತ್ರವೂ ಹೆಚ್ಚುಕಡಿಮೆ ಒಂದೇ, ಒಳಗಿನ ಕೃತಿ ಮಾತ್ರ ನಲವತ್ತು ವರ್ಷಗಳಿಂದ ಬದಲಾಗುತ್ತ ಬಂದಿದೆ.

ಹಳಗನ್ನಡ ಕಾವ್ಯಗಳ ಮುದ್ರಿತ ಆವೃತ್ತಿಗಳನ್ನು ಓದಿದವರಿಗೆ ಈ ಸಮಸ್ಯೆ ಹೊಸದೇನಲ್ಲ. ಗ್ರಂಥಸಂಪಾದಕರು ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದು ಪಾಠವನ್ನು, ಅಂದರೆ ಕೃತಿಯ ಒಂದು ರೂಪವನ್ನು, ಆರಿಸಿ, ಉಳಿದವನ್ನು ಪಾಠಾಂತರಗಳೆಂದು ಪುಟದ ಕೆಳಗೆ ಕೊಡುತ್ತಾರೆ. ಯಾವುದಾದರೂ ಪದ್ಯ ಪ್ರಕ್ಷಿಪ್ತ, ಅಂದರೆ ಆಮೇಲೆ ಬೇರೆಯವರು ಸೇರಿಸಿದ್ದು, ಎಂಬ ಅನುಮಾನವಿದ್ದರೆ ಅದನ್ನೂ ಹೇಳುತ್ತಾರೆ. ಸಿನಿಮಾ ಡಿಸ್ಕುಗಳಲ್ಲಿ ಈ ಶಿಸ್ತನ್ನು ಪಾಲಿಸುವ ಸಂಸ್ಥೆಗಳು ಕಡಿಮೆಯಾದ್ದರಿಂದ, ಸಂಪಾದಕನ ಕೆಲಸವನ್ನು ಕೊಳ್ಳುವವನೇ ಮಾಡಬೇಕಾಗುತ್ತದೆ. ಆ ಕೆಲಸ ಹೇಗೆ ಎಂಬುದನ್ನು, ನಾನು ಹಲವು ಸಲ ಮೋಸಹೋಗಿ ಕಲಿತಷ್ಟರ ಮಟ್ಟಿಗೆ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬದಲಾವಣೆ ಎಂದರೆ ಏನೆಂದು ತಿಳಿದುಕೊಳ್ಳಬೇಕು, ಏಕೆಂದರೆ ಎಲ್ಲ ಬದಲಾವಣೆಗಳೂ ಒಂದೇ ಜಾತಿಯವಲ್ಲ. ದೃಶ್ಯಗಳನ್ನು ಸೇರಿಸುವುದು ಅಥವಾ ಕತ್ತರಿಸುವುದು ಒಂದು ಬಗೆ. ಹಳೆಯ ಟ್ರಿಕ್ ದೃಶ್ಯಗಳನ್ನು ತೆಗೆದು ಆ ಜಾಗದಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಹೊಸ ದೃಶ್ಯಗಳನ್ನು ಇಡುವುದು ಇನ್ನೊಂದು ಬಗೆ. ಇವೆರಡನ್ನೂ ಪೆಟ್ಟಿಗೆಯ ಮೇಲೆ ‘ಸ್ಪೆಷಲ್ ಎಡಿಷನ್’, ‘ಡೈರೆಕ್ಟರ್ಸ್ ಕಟ್’ ಎಂಬಂಥ ಮಾತುಗಳಿಂದ ಸಾರುತ್ತಾರೆ. ಮೂರನೆಯ ಬಗೆಯನ್ನು ಮಾತ್ರ ಯಾರೂ ಸಾರುವುದಿಲ್ಲ: ಬಣ್ಣವನ್ನು ಹೊಸ ಅಭಿರುಚಿಗೆ ತಕ್ಕಂತೆ ತಿದ್ದುವುದು, ಫಿಲ್ಮಿನ ಸಹಜ ಕಣಗಳನ್ನು ಒರೆಸಿಹಾಕುವುದು, ಹಳೆಯ ಧ್ವನಿಪಥದ ಬದಲು ಹೊಸದನ್ನು ಕೂರಿಸುವುದು. ಚಿತ್ರದಲ್ಲಿ ಒಂದು ಚೌಕಟ್ಟೂ ಹೆಚ್ಚುಕಡಿಮೆಯಾಗದೆ ಅದರ ಮುಖಚಹರೆಯೇ ಬದಲಾಗುವುದು ಈ ಮೂರನೆಯ ಬಗೆಯಿಂದ.

ಆಮೇಲೆ ಕೇಳಬೇಕಾದ ಪ್ರಶ್ನೆ, ಬದಲಾಯಿಸಿದವರು ಯಾರು ಮತ್ತು ಯಾವ ಒತ್ತಾಯಕ್ಕೆ ಎಂಬುದು. ನಿರ್ದೇಶಕನೇ ತಿದ್ದಿದ್ದರೆ ಅದೇ ಪ್ರಮಾಣ ಎಂಬ ವಾದ ಮೇಲುನೋಟಕ್ಕೆ ಸರಿಯೆನಿಸಿದರೂ ಬಹಳ ದೂರ ನಡೆಯುವುದಿಲ್ಲ. ಇದಕ್ಕೆ ಸ್ಟೀವನ್ ಸ್ಪೀಲ್‌ಬರ್ಗ್ ಒಳ್ಳೆಯ ಉದಾಹರಣೆ. ಅವರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್’ ತೆರೆಕಂಡದ್ದು 1977ರಲ್ಲಿ. ಅವಸರದಲ್ಲಿ ಮುಗಿಸಬೇಕಾಯಿತೆಂಬ ಕೊರಗಿದ್ದ ಅವರು ಮತ್ತೆ ಕೈಯಾಡಿಸಲು ಹಣ ಕೇಳಿದಾಗ, ಕೊನೆಯಲ್ಲಿ ಇಳಿಯುವ ಅನ್ಯಲೋಕದ ಮಹಾನೌಕೆಯ ಒಳಭಾಗವನ್ನು ತೋರಿಸಿದರೆ ಮಾತ್ರ ಕೊಡುತ್ತೇವೆಂದು ನಿರ್ಮಾಣ ಸಂಸ್ಥೆ ಷರತ್ತು ಹಾಕಿತು. ಹಾಗೆ ಬಂದದ್ದು 1980ರ ಸ್ಪೆಷಲ್ ಎಡಿಷನ್. ಊಹೆಗೆ ಬಿಡಬೇಕಾಗಿದ್ದನ್ನು ತೋರಿಸಿಬಿಟ್ಟೆ ಎಂದು ಅವರು ಮುಂದೆ ಪಶ್ಚಾತ್ತಾಪಪಟ್ಟು, 1998ರಲ್ಲಿ ಮೂರನೆಯ ಪಾಠವೊಂದನ್ನು ಸಿದ್ಧಪಡಿಸುವಾಗ ಆ ಒಳಭಾಗವನ್ನು ಕಿತ್ತುಹಾಕಿ, 1980ರಲ್ಲಿ ಸೇರಿದ್ದ ಬೇರೆ ಒಳ್ಳೆಯ ಅಂಶಗಳನ್ನು ಉಳಿಸಿಕೊಂಡರು. ಮೂರರ ಅವಧಿ ಕ್ರಮವಾಗಿ 135, 132 ಮತ್ತು 137 ನಿಮಿಷ. ನನ್ನ ಆಯ್ಕೆ 1998ರದು. ಆದರೆ ನೀವು ಆರಿಸುವ ಕಷ್ಟವೇ ಬೇಡ, ಏಕೆಂದರೆ 2007ರ ಬ್ಲೂ-ರೇ ಮತ್ತು ಅದಕ್ಕಿಂತ ಹೆಚ್ಚು ಸ್ಪಷ್ಟತೆಯ 2017ರ 4ಕೆ ಬಿಡುಗಡೆಗಳಲ್ಲಿ ಮೂರೂ ಪಾಠಗಳಿವೆ. ಈ ಚಿತ್ರದಲ್ಲಿ ಜನಸಮೂಹವೊಂದು ಆಕಾಶದಿಂದ ಕೇಳಿದ ಐದು ಸ್ವರಗಳನ್ನು ಹಾಡುತ್ತ ಕೈಯನ್ನು ಮೇಲಕ್ಕೆ ಚಾಚುವ ದೃಶ್ಯವನ್ನು ಮುಂಬೈ ಸಮೀಪದ ಖಾಲಾಪುರದ ಬಳಿಯ ಹಳ್ಳಿಯಲ್ಲಿ ಚಿತ್ರೀಕರಿಸಿದ್ದರು; ಅದು ಮೂರರಲ್ಲೂ ಇದೆ.

ಅದೇ ಸ್ಪೀಲ್‌ಬರ್ಗ್ 2002ರಲ್ಲಿ ‘ಇ.ಟಿ.’ ಚಿತ್ರಕ್ಕೆ ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ, ಮಕ್ಕಳನ್ನು ಅಟ್ಟಿಸಿಕೊಂಡು ಬರುವ ಅಧಿಕಾರಿಗಳ ಕೈಯಲ್ಲಿದ್ದ ಬಂದೂಕುಗಳನ್ನು ಕಂಪ್ಯೂಟರಿನಿಂದ ಅಳಿಸಿ ವಾಕಿಟಾಕಿಗಳನ್ನು ಇಟ್ಟರು. ಮುಂದೆ ಇದು ತಪ್ಪೆಂದು ಬಹಿರಂಗವಾಗಿಯೇ ಹೇಳಿದರು, ಮತ್ತು 2012ರ ಬ್ಲೂ-ರೇಯಿಂದ ಮುಂದಕ್ಕೆ 1982ರ ರೂಪವನ್ನೇ ಕೊಡುತ್ತಿದ್ದಾರೆ. ಆದ್ದರಿಂದ ‘ಇ.ಟಿ.’ ಕೊಳ್ಳುವವರು 2002ರ ಡಿವಿಡಿಯನ್ನು ಹಳೆಯ ಸರಕಿನಲ್ಲಿ ಕಂಡಾಗ ಮಾತ್ರ ಎಚ್ಚರವಾಗಿದ್ದರೆ ಸಾಕು.

‘ಸ್ಟಾರ್ ವಾರ್ಸ್’ನ ಕರ್ತೃ ಜಾರ್ಜ್ ಲೂಕಸ್ ನಡೆದದ್ದು ಇದಕ್ಕೆ ನೇರ ವಿರುದ್ಧವಾದ ದಾರಿಯಲ್ಲಿ. ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ಚಾಳಿ ಅಮೆರಿಕದಲ್ಲಿ ಹಬ್ಬಿದ್ದಾಗ, 1988ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ, ಲಾಭಕ್ಕಾಗಿ ಕಲಾಕೃತಿಗಳನ್ನು ಬದಲಾಯಿಸುವವರು ಅನಾಗರಿಕರು ಎಂಬರ್ಥದ ಮಾತಾಡಿದವರು ಅವರೇ. ಒಂಬತ್ತು ವರ್ಷಗಳ ನಂತರ ತಮ್ಮ ಮೂರು ಸ್ಟಾರ್ ವಾರ್ಸ್ ಚಿತ್ರಗಳ ಸ್ಪೆಷಲ್ ಎಡಿಷನ್‌ಗಳನ್ನು ತೆರೆಗೆ ತಂದು, ಅಂದಿನಿಂದ ಹಳೆಯ ರೂಪವನ್ನು ಬಹುಮಟ್ಟಿಗೆ ಮಾರುಕಟ್ಟೆಯಿಂದ ದೂರವಿಟ್ಟರು. ತನ್ನ ಕೃತಿಯನ್ನು ತಿದ್ದುವ ಹಕ್ಕು ಕರ್ತೃವಿಗೆ ಇಲ್ಲವೆಂದು ನಾನು ಹೇಳಲಾರೆ. ಹಳೆಯ ಪಾಠವನ್ನು ಓದುಗನಿಗೆ ಸಿಗದಂತೆ ಮಾಡುವುದು ಮಾತ್ರ ತಿದ್ದುವ ಹಕ್ಕಿನೊಳಗೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಬರಹದಲ್ಲಿ ನಾನು ಕೊಡುವ ಸಲಹೆಗಳೆಲ್ಲ ಆ ಅಭಿಪ್ರಾಯದ ಮೇಲೆಯೇ ನಿಂತಿವೆ: ಎರಡೂ ಪಾಠಗಳಿರುವ ಪೆಟ್ಟಿಗೆ ಸಿಕ್ಕಿದರೆ, ಬೆಲೆ ತುಸು ಹೆಚ್ಚಾದರೂ ಅದನ್ನೇ ಕೊಳ್ಳಿ.

ಸ್ಟಾರ್ ವಾರ್ಸ್ ಮೂರು ಚಿತ್ರಗಳ ಮೂಲರೂಪ ಡಿವಿಡಿಯಲ್ಲಿ ಅಧಿಕೃತವಾಗಿ ಬಂದದ್ದು 2006ರ ಸೆಪ್ಟೆಂಬರಿನಲ್ಲಿ, ಅದೂ 2004ರ ತಿದ್ದಿದ ರೂಪದ ಜೊತೆಗೆ ಹೆಚ್ಚುವರಿ ಡಿಸ್ಕಾಗಿ. ಅದಕ್ಕೆಂದು ಹೊಸದಾಗಿ ಫಿಲ್ಮನ್ನು ಸ್ಕ್ಯಾನ್ ಮಾಡದೆ, 1993ರಲ್ಲಿ ಲೇಸರ್‌ಡಿಸ್ಕಿಗಾಗಿ (ಡಿವಿಡಿಗೆ ಮುಂಚಿನ ದೊಡ್ಡ ಡಿಸ್ಕು) ಮಾಡಿದ್ದ ಮೂಲ ವಿಡಿಯೊ ಪ್ರತಿಯನ್ನೇ ಬಳಸಿದ್ದರು. ಹಾಗಾಗಿ ಇಂದಿನ ಅಗಲ ಪರದೆಯ ಟಿವಿಯಲ್ಲಿ ಹಾಕಿದರೆ ಚಿತ್ರ ನಡುವೆ ಸಣ್ಣದಾಗಿ ನಿಂತು ನಾಲ್ಕೂ ಕಡೆ ಕಪ್ಪು ಪಟ್ಟಿ ಬರುತ್ತದೆ. ಟಿವಿಯ ‘ಜೂಮ್’ ಗುಂಡಿ ಒತ್ತಿದರೆ ಹಿಗ್ಗುತ್ತದೆ, ಆದರೆ ಸ್ಪಷ್ಟತೆ ಇನ್ನಷ್ಟು ಕುಗ್ಗುತ್ತದೆ. ಇಷ್ಟೆಲ್ಲ ದೋಷವಿದ್ದರೂ, 1977ರ ಕೃತಿಯನ್ನು ನ್ಯಾಯವಾಗಿ ಕೊಂಡು ನೋಡಬಯಸುವವರಿಗೆ ನಾನು ಹೇಳುವುದು ಆ ಡಿವಿಡಿಯನ್ನೇ. ಹಳೆಯ ಸರಕಿನಲ್ಲಿ ಕೊಳ್ಳುವಾಗ ಎರಡನೆಯ ಡಿಸ್ಕು ಒಳಗಿದೆಯೇ ಎಂದು ಮಾರುವವರನ್ನು ಕೇಳಿ, ಡಿಸ್ಕಿನ ಮುಖದ ಫೋಟೊ ತರಿಸಿಕೊಳ್ಳಿ. ಒಮ್ಮೆ ‘ಮೂಲ ಆವೃತ್ತಿ’ ಎಂಬ ಮಾತು ನಂಬಿ ದುಡ್ಡು ಕಳಿಸಿದ ನನಗೆ ಬಂದದ್ದು ಮೊದಲನೆಯ ಡಿಸ್ಕು ಮಾತ್ರವಿದ್ದ ಪೆಟ್ಟಿಗೆ. ಅಭಿಮಾನಿಗಳು ಹಳೆಯ 35 ಮಿ.ಮೀ. ಪ್ರಿಂಟುಗಳನ್ನು ಹುಡುಕಿ ಸ್ಕ್ಯಾನ್ ಮಾಡಿ ತಾವೇ ಪುನರುದ್ಧಾರ ಮಾಡಿದ ಪ್ರತಿಗಳೂ ಇವೆ. ಅವುಗಳ ಹಿಂದಿನ ಶ್ರಮ ದೊಡ್ಡದಾದರೂ ಹಕ್ಕುದಾರರ ಒಪ್ಪಿಗೆ ಇಲ್ಲದವಾದ್ದರಿಂದ, ಯಾರಾದರೂ ಅವನ್ನು ಡಿಸ್ಕಿಗೆ ಬರೆದು ದುಡ್ಡಿಗೆ ಮಾರುತ್ತಿದ್ದರೆ ಕೊಳ್ಳಬೇಡಿ.

ಕೈಗೆ ಬಂದ ಡಿಸ್ಕು ಯಾವ ಪಾಠದ್ದೆಂದು ತಿಳಿಯಲು ಇಡೀ ಚಿತ್ರ ನೋಡಬೇಕಾಗಿಲ್ಲ. ಒಂದೊಂದು ಚಿತ್ರಕ್ಕೆ ಒಂದೆರಡು ಗುರುತಿನ ದೃಶ್ಯಗಳಿರುತ್ತವೆ. ‘ಸ್ಟಾರ್ ವಾರ್ಸ್’ನಲ್ಲಿ ಹಾನ್ ಮತ್ತು ಗ್ರೀಡೊ ಎದುರುಬದುರು ಕೂತ ಹೋಟೆಲಿನ ದೃಶ್ಯಕ್ಕೆ ಹೋಗಿ: ಹಾನ್ ಒಬ್ಬನೇ ಗುಂಡು ಹಾರಿಸಿದರೆ ಅದು 1997ಕ್ಕಿಂತ ಹಿಂದಿನ ರೂಪ, ಗ್ರೀಡೊ ಮೊದಲು ಹಾರಿಸಿದರೆ 1997ರದು, ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹಾರಿಸಿದರೆ 2004 ಅಥವಾ ಆಮೇಲಿನದು. ಅದೇ ಸರಣಿಯ ‘ರಿಟರ್ನ್ ಆಫ್ ದ ಜೆಡೈ’ ಚಿತ್ರದ ಕೊನೆಗೆ ಕಾಡಿನಲ್ಲಿ ಕಾಣಿಸುವ ಮೂರು ಛಾಯಾರೂಪಗಳಲ್ಲಿ ಒಂದು ವಯಸ್ಸಾದ ನಟ ಸೆಬಾಸ್ಟಿಯನ್ ಶಾ ಅವರದಾಗಿದ್ದರೆ 2004ಕ್ಕಿಂತ ಹಿಂದಿನದು, ತರುಣ ಹೇಡನ್ ಕ್ರಿಸ್ಟೆನ್ಸನ್ ಅವರದಾಗಿದ್ದರೆ ಆಮೇಲಿನದು; ಅದೇ ಚಿತ್ರದಲ್ಲಿ ಚಕ್ರವರ್ತಿಯನ್ನು ಎತ್ತುವಾಗ ಡಾರ್ತ್ ವೇಡರ್ ‘ನೋ’ ಎಂದು ಕೂಗಿದರೆ 2011 ಅಥವಾ ಅದರ ನಂತರದ್ದು.

ಇನ್ನು ‘ಬ್ಲೇಡ್ ರನ್ನರ್’. ತಿದ್ದಿದ ಪಾಠವೇ ಮೇಲು ಎಂದು ನಾನು ಸಂಕೋಚವಿಲ್ಲದೆ ಹೇಳುವ ಕೆಲವೇ ಚಿತ್ರಗಳಲ್ಲಿ ಇದೊಂದು. 1982ರಲ್ಲಿ ತೆರೆಗೆ ಬರುವ ಮುನ್ನ ನಡೆದ ಪರೀಕ್ಷಾ ಪ್ರದರ್ಶನಗಳಲ್ಲಿ ಕಥೆ ಅರ್ಥವಾಗಲಿಲ್ಲವೆಂದು ಪ್ರೇಕ್ಷಕರು ಹೇಳಿದ್ದರಿಂದ, ಹ್ಯಾರಿಸನ್ ಫೋರ್ಡ್ ಅವರ ಕಂಠದಲ್ಲಿ ವಿವರಣೆಯನ್ನೂ, ನಾಯಕ ನಾಯಕಿಯರು ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೋಗುವ ಸುಖಾಂತ್ಯವನ್ನೂ ಸೇರಿಸಲಾಯಿತು. ಆ ಬೆಟ್ಟಗಳ ವೈಮಾನಿಕ ದೃಶ್ಯಗಳು ಸ್ಟ್ಯಾನ್ಲಿ ಕುಬ್ರಿಕ್ ತಮ್ಮ ‘ದ ಶೈನಿಂಗ್’ ಚಿತ್ರಕ್ಕಾಗಿ ತೆಗೆಸಿ ಬಳಸದೆ ಬಿಟ್ಟವು ಎಂದು ತಿಳಿದ ಮೇಲೆ ಆ ಸುಖಾಂತ್ಯವನ್ನು ಗಂಭೀರವಾಗಿ ನೋಡುವುದು ಕಷ್ಟ. ಅಮೆರಿಕದ ಹೊರಗೆ ಬಿಡುಗಡೆಯಾದ ಪ್ರತಿಯಲ್ಲಿ ಹಿಂಸೆಯ ಕೆಲವು ಕ್ಷಣಗಳು ಹೆಚ್ಚಿದ್ದವು. 1990ರಲ್ಲಿ ಲಾಸ್ ಏಂಜಲಿಸ್‌ನ ಚಿತ್ರಮಂದಿರವೊಂದು ಆಕಸ್ಮಿಕವಾಗಿ ಹಳೆಯ ಪರೀಕ್ಷಾ ಪ್ರತಿಯನ್ನೇ ತೋರಿಸಿ ಜನ ಮೆಚ್ಚಿದ್ದರಿಂದ, 1992ರಲ್ಲಿ ‘ಡೈರೆಕ್ಟರ್ಸ್ ಕಟ್’ ಹೊರಬಂತು: ವಿವರಣೆ ಹೋಯಿತು, ಸುಖಾಂತ್ಯ ಹೋಯಿತು, ಒಂಟಿಕೊಂಬಿನ ಕುದುರೆಯ ಕನಸು ಬಂತು. ಹೆಸರು ಹಾಗಿದ್ದರೂ ನಿರ್ದೇಶಕ ರಿಡ್ಲಿ ಸ್ಕಾಟ್ ಅದರ ಮೇಲೆ ಪೂರ್ಣ ಹಿಡಿತ ಹೊಂದಿರಲಿಲ್ಲ; ಆ ಹಿಡಿತ ಅವರಿಗೆ ಸಿಕ್ಕಿದ್ದು 2007ರ ‘ಫೈನಲ್ ಕಟ್’ನಲ್ಲಿ, ಅದರ ಅವಧಿ 117 ನಿಮಿಷ.

‘ಫೈನಲ್ ಕಟ್’ನ ತಿದ್ದುಪಡಿಗಳು ಕಥೆಯ ಹೊಲಿಗೆ ಬಿಟ್ಟಲ್ಲಿ ಹಾಕಿದ ತೇಪೆಗಳಂತಿವೆ, ಹೊಸ ಜರಿ ಅಂಚಿನಂತಿಲ್ಲ. 1982ರ ರೂಪದಲ್ಲಿ ಆರು ಮಂದಿ ಕೃತಕ ಮಾನವರು ತಪ್ಪಿಸಿಕೊಂಡು ಒಬ್ಬ ಸತ್ತನೆಂದು ಪೊಲೀಸ್ ಅಧಿಕಾರಿ ಹೇಳುತ್ತಾನೆ, ಹುಡುಕಬೇಕಾದವರು ಮಾತ್ರ ನಾಲ್ವರು. ಕಾಣೆಯಾದ ಆ ಐದನೆಯವರ ಬಗ್ಗೆ ಜನ ಇಪ್ಪತ್ತೈದು ವರ್ಷ ಚರ್ಚಿಸಿದರು. ಫೈನಲ್ ಕಟ್‌ನಲ್ಲಿ ಸತ್ತವರು ಇಬ್ಬರೆಂದು ಮಾತು ತಿದ್ದಿ ಲೆಕ್ಕ ಸರಿಪಡಿಸಿದ್ದಾರೆ. ಆ ಕೃತಕ ಮಾನವರಲ್ಲೊಬ್ಬಳಾದ ಜೋರಾ ಗಾಜುಗಳನ್ನು ಒಡೆದುಕೊಂಡು ಓಡುವ ದೃಶ್ಯದಲ್ಲಿ ಡ್ಯೂಪ್ ಕಲಾವಿದೆಯ ಮುಖ ಎದ್ದು ಕಾಣುತ್ತಿತ್ತು. ಅಲ್ಲಿ ನಟಿ ಜೊವಾನಾ ಕ್ಯಾಸಿಡಿಯವರ ಮುಖವನ್ನೇ ಹೊಸದಾಗಿ ಚಿತ್ರೀಕರಿಸಿ ಕೂರಿಸಿದ್ದಾರೆ. ನನ್ನ ತಕರಾರು ಒಂದೇ: ಒಟ್ಟು ಬಣ್ಣ ಹಳೆಯ ರೂಪಕ್ಕಿಂತ ಹಸಿರುನೀಲಿಯ ಕಡೆಗೆ ವಾಲಿದೆ. ಮೊದಲ ಸಲ ನೋಡುವವರು ಫೈನಲ್ ಕಟ್ ನೋಡಲಿ. ಆಮೇಲೆ ಒಮ್ಮೆ 1982ರ ವಿವರಣೆಯಿರುವ ರೂಪವನ್ನೂ ನೋಡಲಿ, ಆಗಿನ ವಿಮರ್ಶಕರು ಏಕೆ ಹಾಗೆ ಬರೆದರೆಂಬುದು ಅದನ್ನು ನೋಡಿದರೆ ಮಾತ್ರ ತಿಳಿಯುತ್ತದೆ. 2007ರಲ್ಲಿ ಬಂದ ಐದು ಡಿಸ್ಕುಗಳ ಪೆಟ್ಟಿಗೆಯಲ್ಲಿ ಪರೀಕ್ಷಾ ಪ್ರತಿಯೂ ಸೇರಿ ಐದೂ ಪಾಠಗಳಿವೆ. ಗ್ರಂಥಸಂಪಾದನೆಯ ಮಾತು ಎತ್ತಿದೆನಲ್ಲ, ಸಿನಿಮಾದಲ್ಲಿ ಅದಕ್ಕೆ ಸಮಾನವಾದದ್ದನ್ನು ನಾನು ಕಂಡಿದ್ದು ಆ ಪೆಟ್ಟಿಗೆಯಲ್ಲಿ.

‘ಡೈರೆಕ್ಟರ್ಸ್ ಕಟ್’ ಎಂಬ ಚೀಟಿಯನ್ನು ಕುರುಡಾಗಿ ನಂಬಬಾರದೆಂಬುದಕ್ಕೆ ಸ್ಕಾಟ್ ಅವರದೇ ‘ಏಲಿಯನ್’ ಇನ್ನೊಂದು ಸಾಕ್ಷಿ. 2003ರಲ್ಲಿ ಆ ಹೆಸರಿನಲ್ಲಿ ಬಂದ ರೂಪ ಮೂಲಕ್ಕಿಂತ ಸುಮಾರು ಒಂದು ನಿಮಿಷ ಚಿಕ್ಕದು, ಮತ್ತು ತಮಗೆ ಹೆಚ್ಚು ಒಪ್ಪಿಗೆಯಾದದ್ದು 1979ರ ರೂಪವೇ ಎಂದು ಸ್ಕಾಟ್ ಹೇಳಿದ್ದಾರೆ. ಜೇಮ್ಸ್ ಕ್ಯಾಮರನ್ ಅವರ ‘ಏಲಿಯನ್ಸ್’ ವಿಷಯದಲ್ಲಿ ನನಗೆ ಇನ್ನೂ ಇತ್ಯರ್ಥವಾಗಿಲ್ಲ. 137 ನಿಮಿಷದ 1986ರ ರೂಪ ಬಿಗಿಯಾಗಿದೆ. 154 ನಿಮಿಷದ ಸ್ಪೆಷಲ್ ಎಡಿಷನ್‌ನಲ್ಲಿ ದಾಳಿಗೆ ಮುನ್ನಿನ ವಸಾಹತನ್ನು ತೋರಿಸಿ ಮುಂದಿನ ಕುತೂಹಲವನ್ನು ತುಸು ಹಾಳುಮಾಡುತ್ತಾರೆ, ಆದರೆ ನಾಯಕಿ ರಿಪ್ಲಿಗೆ ತನ್ನ ಮಗಳು ಮುದುಕಿಯಾಗಿ ಸತ್ತ ಸುದ್ದಿ ತಿಳಿಯುವ ದೃಶ್ಯವೂ ಅದರಲ್ಲೇ ಇದೆ, ಅದಿಲ್ಲದಿದ್ದರೆ ಆಕೆ ಆ ವಸಾಹತಿನಲ್ಲಿ ಬದುಕುಳಿದ ಅನಾಥ ಹುಡುಗಿಯನ್ನು ಅಪ್ಪಿಕೊಳ್ಳುವುದರ ಅರ್ಧ ತೂಕ ಹೋಗುತ್ತದೆ. ಚಿಕ್ಕದನ್ನು ಮೊದಲು ನೋಡಿ, ದೊಡ್ಡದನ್ನು ಆಮೇಲೆ.

ಕತ್ತರಿ ಬಿದ್ದದ್ದೆಲ್ಲ ನಷ್ಟವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕುಬ್ರಿಕ್ 1968ರ ಏಪ್ರಿಲ್‌ನಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ಯ ಮೊದಲ ಪ್ರದರ್ಶನಗಳಾದ ಕೂಡಲೇ ಸುಮಾರು 19 ನಿಮಿಷಗಳನ್ನು ತಾವೇ ತೆಗೆದರು, ಲೋಕ ಬಲ್ಲ ಚಿತ್ರ ಆ ತಿದ್ದಿದ ರೂಪವೇ. ಇದಕ್ಕೆ ಎದುರಾಗಿ ಫ್ರಿಟ್ಜ್ ಲಾಂಗ್ ಅವರ ‘ಮೆಟ್ರೊಪೊಲಿಸ್’ 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಪೂರ್ಣವಾಗಿ ತೆರೆಕಂಡು, ಬೇಗನೆ ಪರರ ಕತ್ತರಿಗೆ ಸಿಕ್ಕಿ, ಎಂಟು ದಶಕ ಅಂಗಹೀನವಾಗಿಯೇ ಉಳಿಯಿತು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಗೀರುಬಿದ್ದ 16 ಮಿ.ಮೀ. ಪ್ರತಿಯೊಂದು ಸಿಕ್ಕಿ, ಸುಮಾರು 25 ನಿಮಿಷಗಳು ಮರಳಿ ಸೇರಿ, 2010ರಲ್ಲಿ ಹೆಚ್ಚುಕಡಿಮೆ ಪೂರ್ಣವಾದ ರೂಪ ಹೊರಬಂತು. ಕೊಳ್ಳುವುದಾದರೆ ಅದನ್ನೇ ಕೊಳ್ಳಿ, ಸೇರಿಸಿದ ಭಾಗಗಳಲ್ಲಿ ಮಳೆ ಸುರಿದಂತೆ ಗೀರುಗಳು ಕಂಡರೆ ಡಿಸ್ಕು ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ. 1984ರಲ್ಲಿ ಸಂಗೀತಗಾರ ಜಾರ್ಜಿಯೊ ಮೊರೊಡರ್ ಬಣ್ಣದ ಛಾಯೆ ಬಳಿದು ಪಾಪ್ ಹಾಡುಗಳನ್ನು ಸೇರಿಸಿ ಸುಮಾರು 80 ನಿಮಿಷಕ್ಕೆ ಇಳಿಸಿದ ರೂಪ ಒಂದು ವಿನೋದ, ಅಷ್ಟೆ. ಅಂದಹಾಗೆ, ಈ ಚಿತ್ರಕಥೆ ಬರೆದ ಥಿಯಾ ಫಾನ್ ಹಾರ್ಬೌ ಮುಂದೆ ಮದುವೆಯಾದದ್ದು ಬೆಳಗಾವಿ ಸೀಮೆಯಿಂದ ಜರ್ಮನಿಗೆ ಹೋಗಿದ್ದ ಪತ್ರಕರ್ತ ಆಯಿ ತೆಂಡುಲ್ಕರ್ ಅವರನ್ನು.

ಪೆಟ್ಟಿಗೆಯ ಹಿಂಬದಿಯಲ್ಲಿ ಮುದ್ರಿಸಿದ ಅವಧಿಯನ್ನು ಓದುವುದು ಅತ್ಯಂತ ಸುಲಭವಾದ ಪರೀಕ್ಷೆ, ಆದರೆ ಅದರಲ್ಲೊಂದು ಎಡವುಗಲ್ಲಿದೆ. ಭಾರತ ಮತ್ತು ಯುರೋಪಿನಲ್ಲಿ ಚಾಲ್ತಿಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳು, ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು 25 ಚೌಕಟ್ಟಿನ ವೇಗದಲ್ಲಿ ಓಡಿಸುತ್ತವೆ. ಆದ್ದರಿಂದ 117 ನಿಮಿಷದ ಚಿತ್ರ ಸುಮಾರು 112 ನಿಮಿಷಕ್ಕೇ ಮುಗಿಯುತ್ತದೆ, ಏನನ್ನೂ ಕತ್ತರಿಸದೆ. ಅವಧಿಯನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿ ನೋಡಿ. ಲೆಕ್ಕ ಸರಿಹೋದರೆ ಚಿತ್ರ ಪೂರ್ಣವಾಗಿದೆ. ಬ್ಲೂ-ರೇ ಸಾಮಾನ್ಯವಾಗಿ 24ರಲ್ಲೇ ಓಡುವುದರಿಂದ ಅಲ್ಲಿ ಐದು ನಿಮಿಷ ಕಡಿಮೆಯಿದ್ದರೆ ಅನುಮಾನಪಡಲು ಕಾರಣವಿದೆ, ಅದರಲ್ಲೂ ಭಾರತದಲ್ಲಿ ಮುದ್ರಿತವಾದ ಡಿಸ್ಕುಗಳಲ್ಲಿ, ಏಕೆಂದರೆ ನಮ್ಮಲ್ಲಿ ಮನೆಬಳಕೆಯ ಡಿಸ್ಕಿಗೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ವಿದೇಶದಿಂದ ತರಿಸುವವರು ವಲಯದ ಸಂಕೇತವನ್ನೂ ಗಮನಿಸಬೇಕು: ಡಿವಿಡಿಗಳಲ್ಲಿ ಭಾರತ 5ನೆಯ ವಲಯ, ಬ್ಲೂ-ರೇಯಲ್ಲಿ ‘ಸಿ’ ವಲಯ; ಅಮೆರಿಕದ ‘ಎ’ ಡಿಸ್ಕು ಇಲ್ಲಿಯ ಯಂತ್ರದಲ್ಲಿ ಓಡದಿರಬಹುದು. 4ಕೆ ಡಿಸ್ಕುಗಳಿಗೆ ಈ ಕಾಟವಿಲ್ಲ.

ಆದರೆ 4ಕೆ ಎಂದ ಮಾತ್ರಕ್ಕೆ ಮೂಲಕ್ಕೆ ಹತ್ತಿರ ಎಂದುಕೊಳ್ಳಬೇಡಿ. 2017ರಲ್ಲಿ ಬಂದ ‘ಟರ್ಮಿನೇಟರ್ 2’ರ 4ಕೆ ಡಿಸ್ಕಿನಲ್ಲಿ ಫಿಲ್ಮಿನ ಕಣಗಳನ್ನು ಎಷ್ಟು ಉಜ್ಜಿದ್ದಾರೆಂದರೆ ನಟರ ಮುಖಗಳು ಮೇಣದ ಬೊಂಬೆಗಳಂತಾಗಿವೆ, 2024ರ ‘ಏಲಿಯನ್ಸ್’ 4ಕೆ ಕೂಡ ಇಂಥದೇ ಟೀಕೆಗೆ ಗುರಿಯಾಯಿತು. ಕೊಳ್ಳುವ ಮುನ್ನ, ಒಂದೇ ಚೌಕಟ್ಟನ್ನು ಹಳೆಯ ಮತ್ತು ಹೊಸ ಡಿಸ್ಕುಗಳಿಂದ ತೆಗೆದು ಅಕ್ಕಪಕ್ಕ ಇಟ್ಟ ಚಿತ್ರಗಳನ್ನು ಅಂತರ್ಜಾಲದಲ್ಲಿ ಹುಡುಕಿ, ಮುಖದ ಸುಕ್ಕು, ಬಟ್ಟೆಯ ನೇಯ್ಗೆ, ಕತ್ತಲ ಗೋಡೆ ಈ ಮೂರನ್ನು ನೋಡಿ. ಸುಕ್ಕು ಮಾಯವಾಗಿದ್ದರೆ ಹಳೆಯ ಬ್ಲೂ-ರೇಯೇ ವಾಸಿ.

ಧ್ವನಿಯ ಬಗ್ಗೆ ಯೋಚಿಸುವವರು ಕಡಿಮೆ. 1984ರ ‘ಟರ್ಮಿನೇಟರ್’ ಚಿತ್ರ ಒಂದೇ ಪಥದ ಮೋನೊ ಧ್ವನಿಯಲ್ಲಿ ಬಂದಿತ್ತು; ಬ್ಲೂ-ರೇ ಕಾಲದ ಅದರ ಡಿಸ್ಕುಗಳಲ್ಲಿ ಬಂದೂಕಿನ ಸದ್ದುಗಳನ್ನೇ ಬದಲಿಸಿದ ಹೊಸ 5.1 ಧ್ವನಿ (ಸುತ್ತಲೂ ಇಟ್ಟ ಆರು ಸ್ಪೀಕರ್‌ಗಳಿಗೆ ಹಂಚಿದ್ದು) ಮಾತ್ರ ಇರುತ್ತಿತ್ತು. ‘ಸ್ಟಾರ್ ವಾರ್ಸ್’ 1977ರಲ್ಲೇ ಮೂರು ಬೇರೆ ಬೇರೆ ಧ್ವನಿಮಿಶ್ರಣಗಳಲ್ಲಿ ತೆರೆಕಂಡಿತ್ತು, ಮತ್ತು ಮೋನೊದಲ್ಲಿದ್ದ ಕೆಲವು ಮಾತುಗಳು ಸ್ಟೀರಿಯೊದಲ್ಲಿ ಇರಲಿಲ್ಲ; ಅಂದರೆ ‘ಮೂಲ’ ಎಂಬುದು ಮೊದಲ ವರ್ಷವೇ ಒಂದಾಗಿರಲಿಲ್ಲ. ಪೆಟ್ಟಿಗೆಯ ಹಿಂದೆ ಧ್ವನಿಯ ಪಟ್ಟಿಯಲ್ಲಿ ‘ಒರಿಜಿನಲ್ ಮೋನೊ’ ಅಥವಾ ‘ಥಿಯೇಟ್ರಿಕಲ್ ಮಿಕ್ಸ್’ ಎಂದಿದ್ದರೆ ಆ ಸಂಸ್ಥೆ ಚಿತ್ರದ ಉಳಿದ ಭಾಗಗಳನ್ನೂ ಜೋಪಾನವಾಗಿ ನೋಡಿಕೊಂಡಿರುವ ಸಂಭವ ಹೆಚ್ಚೆಂಬುದು ನನ್ನ ಅನುಭವ.

ತಿದ್ದಿದ ಪಾಠಕ್ಕೂ ಆಯುಸ್ಸಿನ ಮಿತಿಯಿರುತ್ತದೆ. ರಾಬರ್ಟ್ ವೈಸ್ ತಮ್ಮ 1979ರ ‘ಸ್ಟಾರ್ ಟ್ರೆಕ್’ ಚಿತ್ರವನ್ನು 2001ರಲ್ಲಿ ಡಿವಿಡಿಗೆಂದು ತಿದ್ದಿದಾಗ ಹೊಸ ಟ್ರಿಕ್ ದೃಶ್ಯಗಳನ್ನು ಡಿವಿಡಿಗೆ ಸಾಲುವಷ್ಟೇ ಸ್ಪಷ್ಟತೆಯಲ್ಲಿ ಮಾಡಿಸಿದ್ದರು. ಹಾಗಾಗಿ 2009ರ ಬ್ಲೂ-ರೇಯಲ್ಲಿ ಆ ರೂಪವನ್ನು ಕೊಡಲಾಗದೆ ಹಳೆಯ ರೂಪವನ್ನೇ ಕೊಡಬೇಕಾಯಿತು. 2022ರಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿದ ಮೇಲಷ್ಟೇ ವೈಸ್ ಅವರ ಪಾಠ 4ಕೆಯಲ್ಲಿ ಬಂತು. ಫಿಲ್ಮಿನ ಮೇಲೆ ತೆಗೆದ 1979ರ ದೃಶ್ಯಗಳಿಗೆ ಈ ತೊಂದರೆ ಬರಲೇ ಇಲ್ಲ.

ಸ್ಟ್ರೀಮಿಂಗ್ ವೇದಿಕೆಗಳ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ಅಲ್ಲಿ ಒಂದು ಚಿತ್ರಕ್ಕೆ ಸಾಮಾನ್ಯವಾಗಿ ಒಂದೇ ಪಾಠವಿರುತ್ತದೆ, ಅದು ಯಾವುದೆಂಬ ವಿವರ ಇರುವುದಿಲ್ಲ, ಮತ್ತು ಇವತ್ತು ನೋಡಿದ ಪಾಠ ಮುಂದಿನ ವರ್ಷ ಹೇಳದೆ ಕೇಳದೆ ಬದಲಾಗಿರಬಹುದು. 2019ರಲ್ಲಿ ಗ್ರೀಡೊನ ಹೊಸ ಮಾತು ಲೋಕಕ್ಕೆ ಗೊತ್ತಾದದ್ದು ಹಾಗೆಯೇ, ಡಿಸ್ನಿಯ ವೇದಿಕೆ ಆರಂಭವಾದ ದಿನ ಜನ ಚಿತ್ರ ಹಾಕಿ ನೋಡಿದಾಗ. ಆದ್ದರಿಂದ ಹೊಸ ಆವೃತ್ತಿಯ ಡಿಸ್ಕು ತಂದಾಗ ಹಳೆಯದನ್ನು ಮಾರಿಬಿಡುವ ಅಥವಾ ಯಾರಿಗೋ ಕೊಟ್ಟುಬಿಡುವ ಅವಸರ ಬೇಡ. ಮೊದಲು ಗುರುತಿನ ದೃಶ್ಯಗಳನ್ನು ಎರಡರಲ್ಲೂ ಹಾಕಿ ನೋಡಿ, ಯಾವುದರಲ್ಲಿ ಯಾವ ಪಾಠವಿದೆಯೆಂದು ಚಿಕ್ಕ ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಸೇರಿಸಿ, ಎರಡನ್ನೂ ಒಂದೇ ಕಪಾಟಿನಲ್ಲಿಡಿ.